ಪಾರಿವಾಳ ಶೂಟಿಂಗ್ ತರಬೇತಿಗೆ ಹೊರಡುವ ಮುನ್ನ: ನಾಪೋಕ್ಲು ಕಡೆಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ನಾಪೋಕ್ಲು ಸಮೀಪದ ಕಾಫಿ ಬೆಳೆಗಾರರು. ಮನೆಯಲ್ಲಿ ತಾತನ ಕಾಲದ 12 ಬೋರಿನ ಜೋಡುನಳಿಕೆ ಕೋವಿ ಇದೆ. ವಿನಾಯಿತಿ ಪತ್ರ ಸರಿಯಾಗಿದೆ. ಹೊರಜಿಲ್ಲೆಯ ಶೂಟಿಂಗ್ ರೇಂಜ್ ಒಂದರಲ್ಲಿ ಮೂರು ದಿನಗಳ ‘ಪಾರಿವಾಳ ಶೂಟಿಂಗ್’ ತರಬೇತಿ ನಡೆಯಲಿದೆ ಎಂದು ತಿಳಿಯಿತು. ನಾನೂ 19 ವರ್ಷದ ನನ್ನ ಮಗಳೂ ಸೇರಬೇಕೆಂದಿದ್ದೇವೆ. ಅಲ್ಲಿ ಜೀವಂತ ಹಕ್ಕಿಗೆ ಹೊಡೆಸುತ್ತಾರೆಯೇ? ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ ನನ್ನ ಗುರಿ ತಪ್ಪುವುದು ಅಪರೂಪ; ಆ ಅಭ್ಯಾಸ ಸಾಕಾಗುವುದೇ? ನಮ್ಮ ಕೋವಿಯನ್ನೇ ಒಯ್ಯಬಹುದೇ? ಕಣದಲ್ಲಿ ಒಣಹಾಕಿದ ಕಾಫಿಯ ಮೇಲೆ ಹಿಕ್ಕೆ ಹಾಕುವ, ಭತ್ತ ಮುಕ್ಕುವ ಪಾರಿವಾಳಗಳ ಮೇಲೆ ಅಲ್ಲಿ ಕಲಿತದ್ದನ್ನು ಬಳಸಬಹುದೇ?

ಉತ್ತರ: ತಮ್ಮ ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ಹೊಡೆಸುವುದಿಲ್ಲ, ಹೊಡೆಸಲೂ ಕೂಡದು. ಅಲ್ಲಿ ಹಾರುವುದು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟನ್ನು ಬೆರೆಸಿ ಅಚ್ಚು ಹಾಕಿದ, 110 ಮಿಲಿಮೀಟರ್ ಅಗಲದ, ಸುಮಾರು 105 ಗ್ರಾಂ ತೂಕದ ಪುಟ್ಟ ಬಿಲ್ಲೆ. ಯಂತ್ರವೊಂದು ಅದನ್ನು ಬೀಸಿ ಎಸೆಯುತ್ತದೆ. ಹಾರುವಾಗಲೇ ಹೊಡೆದು ಒಡೆಯಬೇಕು. ಹಿಂದೆ ಯುರೋಪು, ಅಮೆರಿಕಗಳಲ್ಲಿ ಗೂಡಿನಿಂದ ಜೀವಂತ ಪಾರಿವಾಳ ಬಿಟ್ಟು ಹೊಡೆಯುವ ಪಂದ್ಯಗಳಿದ್ದವು. 1900ರ ಪ್ಯಾರಿಸ್ ಒಲಿಂಪಿಕ್ಸ್ ಸಂದರ್ಭದಲ್ಲಿಯೂ ಅಂಥ ಪಂದ್ಯ ನಡೆದು ಬೆಲ್ಜಿಯಂನ ಲಿಯೋನ್ ಡಿ ಲುಂಡನ್ 21 ಹಕ್ಕಿ ಹೊಡೆದು ಗೆದ್ದರು. ಆ ವೇಳೆಗಾಗಲೇ ಹಕ್ಕಿಯ ಬದಲಿಗೆ ಬಿಲ್ಲೆ ಬಂದಿತ್ತು. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ 1880ರಲ್ಲಿ ಸುಟ್ಟ ಮಣ್ಣಿನ ತಟ್ಟೆಯನ್ನೂ ಅದನ್ನು ಎಸೆಯುವ ಸಾಧನವನ್ನೂ ರೂಪಿಸಿದ್ದ. ಪಾರಿವಾಳ ಹೋದರೂ ಹೆಸರು ಉಳಿಯಿತು. ಇಂದಿಗೂ ತರಬೇತುದಾರರು ಬಿಲ್ಲೆಯನ್ನು ‘ಬರ್ಡ್’ ಎಂದೇ ಕರೆಯುತ್ತಾರೆ.

ನಮ್ಮ ದೇಶದ ಮಟ್ಟಿಗೆ ಇದು ಬರಿಯ ಅಭಿರುಚಿಯ ಮಾತಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೆಯ ಕಲಮು, ಸೆರೆಯಲ್ಲಿಟ್ಟ ಪ್ರಾಣಿಗಳನ್ನು ಹೊಡೆಯುವುದಕ್ಕೆಂದೇ ಬಿಡುಗಡೆ ಮಾಡುವ ಶೂಟಿಂಗ್ ಪಂದ್ಯವನ್ನು ಏರ್ಪಡಿಸುವುದನ್ನೂ ಅದರಲ್ಲಿ ಭಾಗವಹಿಸುವುದನ್ನೂ ಅಪರಾಧವೆಂದು ಹೇಳುತ್ತದೆ. ಆದ್ದರಿಂದ ಯಾರಾದರೂ ‘ಕೊನೆಯ ದಿನ ನಿಜವಾದ ಹಕ್ಕಿ’ ಎಂಬ ಆಮಿಷ ಒಡ್ಡಿದರೆ ಆ ಶಿಬಿರದ ಕಡೆಗೆ ತಲೆಹಾಕಬೇಡಿ.

ಇನ್ನು ತೆಂಗಿನಕಾಯಿಯ ವಿಚಾರ. ಇದನ್ನು ವಿವರವಾಗಿ ಬರೆಯುವುದು ಅಗತ್ಯ; ಏಕೆಂದರೆ ಕೊಡಗಿನಿಂದ ಬರುವ ಒಳ್ಳೆಯ ಗುರಿಕಾರರು ಮೊದಲ ದಿನ ಎಡವುವುದು ಇಲ್ಲಿಯೇ. ತೆಂಗಿನಕಾಯಿ ಕಟ್ಟಿದ ಜಾಗದಲ್ಲಿ ನಿಂತಿರುತ್ತದೆ. ತಾವು ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ, ನಳಿಕೆಯ ತುದಿಯ ಮಣಿಯನ್ನು ಕಾಯಿಯ ಮೇಲೆ ಕೂರಿಸಿ, ಅಲುಗಾಟ ನಿಂತ ಗಳಿಗೆಯಲ್ಲಿ ಟ್ರಿಗರನ್ನು ಮೆಲ್ಲನೆ ಹಿಂಡುತ್ತೀರಿ. ಅದು ರೈಫಲ್ಲಿನ ಶಿಸ್ತು, ಒಳ್ಳೆಯ ಶಿಸ್ತು. ಆದರೆ ಬಿಲ್ಲೆಯ ಮುಂದೆ ಆ ಪ್ರತಿಯೊಂದು ಅಭ್ಯಾಸವೂ ಅಡ್ಡಿಯೇ. ಅಲ್ಲಿ ಎರಡೂ ಕಣ್ಣು ತೆರೆದಿರಬೇಕು, ದೃಷ್ಟಿ ಮಣಿಯ ಮೇಲಲ್ಲ ಬಿಲ್ಲೆಯ ಮೇಲಿರಬೇಕು, ಕೋವಿ ನಿಲ್ಲಬಾರದು, ಟ್ರಿಗರನ್ನು ಹಿಂಡುವುದಲ್ಲ, ತಟ್ಟನೆ ಎಳೆಯಬೇಕು.

ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಸಾಗುವ ಬಿಲ್ಲೆ ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ನಳಿಕೆಯಿಂದ ಸೆಕೆಂಡಿಗೆ 400 ಮೀಟರಿನಷ್ಟು ವೇಗದಲ್ಲಿ ಹೊರಡುವ ಸಣ್ಣ ಚರೆ, ಅಂದರೆ ತೋಟಾದೊಳಗಿನ ಸೀಸದ ಕಾಳು, ಗಾಳಿಯಲ್ಲಿ ಬೇಗ ಸೋತು, 30 ಮೀಟರ್ ದೂರವನ್ನು ತಲಪಲು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಮಯ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬಿಲ್ಲೆ ಎರಡು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅಂದರೆ ಬಿಲ್ಲೆಯ ಮೇಲೆ ಕರಾರುವಾಕ್ಕಾಗಿ ಗುರಿಯಿಟ್ಟು ಹೊಡೆದ ಈಡು ಅದರ ಹಿಂದೆ, ಒಂದು ಜೀಪು ಅಡ್ಡ ಹಾಯಬಹುದಾದಷ್ಟು ಅಂತರದಲ್ಲಿ, ಖಾಲಿ ಗಾಳಿಯನ್ನು ಸೀಳಿ ಹೋಗುತ್ತದೆ. ಮುಂದಕ್ಕೆ ಗುರಿಯಿಟ್ಟರೂ, ಟ್ರಿಗರ್ ಎಳೆಯುವ ಗಳಿಗೆಯಲ್ಲಿ ‘ಸರಿಯಾಗಿದೆಯೇ’ ಎಂದು ನೋಡಲು ಕೋವಿಯನ್ನು ನಿಲ್ಲಿಸಿದರೆ ಆ ಮುನ್ನಡೆ ಕರಗಿಹೋಗುತ್ತದೆ. ಹೊಸಬರು ತಪ್ಪಿಸುವ ಬಿಲ್ಲೆಗಳಲ್ಲಿ ಬಹುಪಾಲು ತಪ್ಪುವುದು ಹಿಂದೆಯೇ ಹೊರತು ಮುಂದೆಯಲ್ಲ. ಹಾಕಿ ಮೈದಾನದಲ್ಲಿ ಬೆಳೆದ ಕೊಡಗಿನವರಿಗೆ ಇದನ್ನು ಹೇಳಿಕೊಡುವುದು ಸುಲಭ: ಓಡುತ್ತಿರುವ ಫಾರ್ವರ್ಡ್ ಆಟಗಾರ ಎಲ್ಲಿದ್ದಾನೋ ಅಲ್ಲಿಗೆ ಯಾರೂ ಪಾಸ್ ಕೊಡುವುದಿಲ್ಲ, ಎಲ್ಲಿಗೆ ತಲಪಲಿದ್ದಾನೋ ಅಲ್ಲಿಗೆ ಕೊಡುತ್ತಾರೆ, ಕೊಟ್ಟ ಮೇಲೂ ಕೋಲು ಚೆಂಡಿನ ದಿಕ್ಕಿನಲ್ಲಿಯೇ ಸಾಗುತ್ತದೆ.

ಹಾಗೆಂದು ತಮ್ಮ ಅನುಭವ ವ್ಯರ್ಥವೆಂದಲ್ಲ. ಕೋವಿಯ ಬಗ್ಗೆ ಹೆದರಿಕೆಯಿಲ್ಲದಿರುವುದು, ಸಿಡಿತಕ್ಕೆ ಕಣ್ಣು ಮುಚ್ಚದಿರುವುದು, ಹಿಂದೊದೆತಕ್ಕೆ ಹೆಗಲು ಒಗ್ಗಿರುವುದು, ಇವೆಲ್ಲ ಊರಿನಿಂದಲೇ ತಂದ ಬಂಡವಾಳ. ಪೇಟೆಯ ಹೊಸಬರಿಗೆ ಅಷ್ಟನ್ನು ಕಲಿಸುವುದಕ್ಕೇ ಅರ್ಧ ದಿನ ಹಿಡಿಯುತ್ತದೆ. ಬಿಡಬೇಕಾದದ್ದು ನಿಂತು ಗುರಿಹಿಡಿಯುವ ಚಟವನ್ನು ಮಾತ್ರ.

ತರಬೇತಿಯ ಮೊದಲ ಗಂಟೆಯಲ್ಲಿ ತಮ್ಮ ಪ್ರಬಲ ಕಣ್ಣು ಯಾವುದೆಂದು ಪರೀಕ್ಷಿಸುತ್ತಾರೆ. ಅದನ್ನು ಮನೆಯಲ್ಲಿಯೇ ಮಾಡಿಕೊಂಡು ಹೋಗಬಹುದು. ಎರಡೂ ಕಣ್ಣು ತೆರೆದು, ಕೈ ಚಾಚಿ, ಅಂಗಳದಾಚೆಯ ಒಂದು ಸಿಲ್ವರ್ ಓಕ್ ಮರದ ಮೇಲೆ ಹೆಬ್ಬೆರಳನ್ನು ಹಿಡಿಯಿರಿ. ಎಡಗಣ್ಣು ಮುಚ್ಚಿದಾಗಲೂ ಬೆರಳು ಮರದ ಮೇಲೆಯೇ ನಿಂತರೆ ಬಲಗಣ್ಣು ಪ್ರಬಲ. ಬೆರಳು ಪಕ್ಕಕ್ಕೆ ಹಾರಿದರೆ ಎಡಗಣ್ಣು. ಬಲಹೆಗಲಿಗೆ ಕೋವಿ ಹಿಡಿಯುವವರ ಎಡಗಣ್ಣು ಪ್ರಬಲವಾಗಿದ್ದರೆ ನಳಿಕೆ ಒಂದು ಕಡೆಗೆ, ದೃಷ್ಟಿ ಇನ್ನೊಂದು ಕಡೆಗೆ ಎಳೆಯುತ್ತದೆ. ಒಂದು ಕಣ್ಣು ಮುಚ್ಚಿ ತೆಂಗಿನಕಾಯಿಗೆ ಹೊಡೆಯುವವರಿಗೆ ಇದು ಜೀವಮಾನವಿಡೀ ತಿಳಿಯದೇ ಇರಬಹುದು. ತಮ್ಮ ಮಗಳ ಕಣ್ಣನ್ನು ಮುಖ್ಯವಾಗಿ ಪರೀಕ್ಷಿಸಿ: ಅವರಿನ್ನೂ ಯಾವ ಹೆಗಲಿಗೂ ಒಗ್ಗಿಕೊಂಡಿಲ್ಲವಾದರೆ, ಪ್ರಬಲ ಕಣ್ಣಿನ ಕಡೆಯ ಹೆಗಲಿನಿಂದಲೇ ಆರಂಭಿಸುವುದು ಒಳ್ಳೆಯದು. ಒಗ್ಗಿದ ಮೇಲೆ ಬದಲಿಸುವುದು ಕಷ್ಟ. ಆಗ ಸುರಕ್ಷಾ ಕನ್ನಡಕದ ಗಾಜಿನ ಮೇಲೆ, ಪ್ರಬಲ ಕಣ್ಣಿನ ನೇರಕ್ಕೆ, ಅರೆಪಾರದರ್ಶಕ ಟೇಪಿನ ಸಣ್ಣ ಚೂರೊಂದನ್ನು ಅಂಟಿಸುವ ಉಪಾಯ ಮಾಡುತ್ತಾರೆ.

ಆಮೇಲಿನದು ಕೋವಿಯನ್ನು ಹೆಗಲಿಗೇರಿಸುವ ಪಾಠ. ಇದೇ ತರಬೇತಿಯ ಜೀವಾಳ ಎಂಬುದು ನನ್ನ ಖಚಿತ ಅಭಿಪ್ರಾಯ. ಚರೆಕೋವಿಗೆ ಹಿಂದಿನ ಗುರಿಪಟ್ಟಿ ಇಲ್ಲ. ಹೊಡೆಯುವವನ ಕಣ್ಣೇ ಅದರ ಹಿಂದಿನ ಗುರಿಪಟ್ಟಿ. ಕೆನ್ನೆ ಬಟ್ಟಿನ (ಹೆಗಲಿಗೆ ಒತ್ತುವ, ಕೋವಿಯ ಹಿಂಬದಿಯ ಮರದ ಭಾಗ) ಮೇಲೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರದಿದ್ದರೆ ಆ ಗುರಿಪಟ್ಟಿ ಪ್ರತಿ ಸಲವೂ ಬೇರೆ ಜಾಗಕ್ಕೆ ಸರಿದಂತೆ. ಕೆನ್ನೆ ಒಂದು ಬೆರಳಿನಷ್ಟು ಎದ್ದರೆ ಈಡು ಬಿಲ್ಲೆಯ ಮೇಲಿನಿಂದ ಹೋಗುತ್ತದೆ. ಕೆನ್ನೆಯನ್ನು ಬಟ್ಟಿಗೆ ಬಾಗಿಸುವುದಲ್ಲ, ಬಟ್ಟನ್ನು ಕೆನ್ನೆಗೆ ತರಬೇಕು. ಮೊದಲು ಕೆನ್ನೆ, ಅದರ ಹಿಂದೆಯೇ ಹೆಗಲು. ಎಡಗೈ ದಿಕ್ಕು ತೋರಿಸುತ್ತದೆ, ಬಲಗೈ ಎತ್ತುತ್ತದೆ, ತೂಕ ಮುಂದಿನ ಪಾದದ ಮೇಲೆ ತುಸು ಹೆಚ್ಚಿರುತ್ತದೆ, ತಿರುಗುವುದು ಕೈಯಲ್ಲ, ಸೊಂಟ. ಬರೆದರೆ ಮೂರು ಸಾಲು. ಮೈಗೆ ಹತ್ತಬೇಕಾದರೆ ನೂರಾರು ಬಾರಿ ಖಾಲಿ ಕೋವಿಯಿಂದ ಮಾಡಬೇಕು.

ಈ ಕಾರಣಕ್ಕೆ, ಶಿಬಿರವೊಂದರ ಯೋಗ್ಯತೆಯನ್ನು ಅಲ್ಲಿ ಎಷ್ಟು ತೋಟಾ ಸುಡಿಸುತ್ತಾರೆ ಎಂಬುದರಿಂದ ಅಳೆಯಬೇಡಿ. ಬೆಳಗ್ಗೆ ಹೋದೊಡನೆಯೇ ಸಾಲಿನಲ್ಲಿ ನಿಲ್ಲಿಸಿ ‘ಹೊಡೆಯಿರಿ’ ಎನ್ನುವ ಶಿಬಿರದಲ್ಲಿ ಮಜಾ ಇದೆ, ಕಲಿಕೆ ಇಲ್ಲ. ಮೊದಲ ದಿನದ ಪೂರ್ವಾರ್ಧವನ್ನು ಸುರಕ್ಷತೆ, ಕಣ್ಣಿನ ಪರೀಕ್ಷೆ, ಖಾಲಿ ಕೋವಿಯ ಅಭ್ಯಾಸ ಇವುಗಳಿಗೆ ಕೊಟ್ಟು, ಮಧ್ಯಾಹ್ನದ ನಂತರ ಎದುರಿನಿಂದ ನೇರವಾಗಿ ದೂರ ಸಾಗುವ ನಿಧಾನದ ಬಿಲ್ಲೆಗಳನ್ನು ಮಾತ್ರ ಎಸೆದು, ಪ್ರತಿ ಈಡಿನ ಹಿಂದೆ ತರಬೇತುದಾರರು ತಮ್ಮ ಹೆಗಲ ಹಿಂದೆಯೇ ನಿಂತಿರುವ ಶಿಬಿರ ಒಳ್ಳೆಯದು. ಅಲ್ಲಿಂದ ನೋಡುವ ಪಳಗಿದ ಕಣ್ಣಿಗೆ ಈಡು ಎತ್ತ ಹೋಯಿತೆಂಬುದು ಕಾಣುತ್ತದೆ. ಹೊಡೆದವರಿಗೆ ಎಂದೂ ಕಾಣುವುದಿಲ್ಲ. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳುವುದಾದರೆ, ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ ಕಲಿಯುವವರು ಎಂದು ಕೇಳಿ. ನಾಲ್ವರನ್ನು ಮೀರಿದರೆ ನಾನಾದರೆ ಹೋಗಲಾರೆ.

ಸ್ಪರ್ಧೆಯ ಪ್ರಕಾರಗಳ ಬಗ್ಗೆ ಸ್ವಲ್ಪ ತಿಳಿದಿದ್ದರೆ ಅಲ್ಲಿನ ಮಾತು ಅರ್ಥವಾಗುತ್ತದೆ. ಟ್ರ್ಯಾಪ್ ಎಂಬ ಪ್ರಕಾರದಲ್ಲಿ ಶೂಟರುಗಳ ಸಾಲಿನಿಂದ 15 ಮೀಟರ್ ಮುಂದೆ ನೆಲದೊಳಗಿನ ಕಂದಕವೊಂದರಲ್ಲಿ 15 ಯಂತ್ರಗಳಿರುತ್ತವೆ. ‘ಪುಲ್’ ಎಂದು ಕೂಗಿದೊಡನೆ ಅವುಗಳಲ್ಲೊಂದು ಬಿಲ್ಲೆಯನ್ನು ಎಸೆಯುತ್ತದೆ. ಅದು ತಮ್ಮಿಂದ ದೂರಕ್ಕೆ, ಮೇಲಕ್ಕೆ, ಎಡಕ್ಕೋ ಬಲಕ್ಕೋ 45 ಡಿಗ್ರಿಯವರೆಗಿನ ಯಾವುದೇ ಕೋನದಲ್ಲಿ ಹೋಗಬಹುದು. ಯಾವುದೆಂದು ಮೊದಲೇ ತಿಳಿಯುವುದಿಲ್ಲ. ಕೋವಿಯನ್ನು ಮುಂಚಿತವಾಗಿಯೇ ಹೆಗಲಿಗೇರಿಸಿಕೊಂಡು ಕಾಯಬಹುದು, ಅರ್ಹತಾ ಸುತ್ತಿನಲ್ಲಿ ಒಂದು ಬಿಲ್ಲೆಗೆ ಎರಡು ಈಡಿನ ಅವಕಾಶವಿದೆ. ಸ್ಕೀಟ್ ಇದಕ್ಕೆ ವಿರುದ್ಧ ಸ್ವಭಾವದ್ದು. ಅಲ್ಲಿ ಬಿಲ್ಲೆ ಎಸೆಯುವ ಎರಡು ಗೂಡುಗಳು, ಹೊಡೆಯುವವರು ಸರದಿಯಲ್ಲಿ ನಿಲ್ಲುವ ಎಂಟು ನಿಲ್ದಾಣಗಳು; ಬಿಲ್ಲೆಯ ದಾರಿ ಮೊದಲೇ ಗೊತ್ತು, ಆದರೆ ಅದು ಕಣ್ಣಿಗೆ ಬೀಳುವವರೆಗೂ ಬಟ್ಟು ಸೊಂಟದ ಮಟ್ಟದಲ್ಲಿರಬೇಕು, ಕೂಗಿದ ಮೇಲೆ ಮೂರು ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಬಿಲ್ಲೆ ಹೊರಬೀಳಬಹುದು, ಪ್ರತಿ ಬಿಲ್ಲೆಗೆ ಒಂದೇ ಈಡು. ಆರಂಭಕ್ಕೆ ಟ್ರ್ಯಾಪ್ ಸುಲಭ, ಕೋವಿ ಏರಿಸುವುದನ್ನು ಕಲಿಸುವಲ್ಲಿ ಸ್ಕೀಟ್ ಮೇಲು. ಜೋಡಿ ಬಿಲ್ಲೆಗಳ ಡಬಲ್ ಟ್ರ್ಯಾಪ್ 2016ರ ನಂತರ ಒಲಿಂಪಿಕ್ಸ್‌ನಿಂದ ಹೊರಬಿದ್ದಿದೆ. ರಾಜ್ಯವರ್ಧನ ಸಿಂಗ್ ರಾಠೋಡ್ 2004ರ ಅಥೆನ್ಸಿನಲ್ಲಿ ಬೆಳ್ಳಿ ಗೆದ್ದದ್ದು ಅದರಲ್ಲಿಯೇ. ಅದಕ್ಕೂ ಬಹಳ ಮೊದಲು, 1962ರಲ್ಲಿ, ಬಿಕಾನೇರಿನ ಕರ್ಣಿ ಸಿಂಗ್ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನ ಟ್ರ್ಯಾಪ್‌ನಲ್ಲಿ ಬೆಳ್ಳಿ ತಂದಿದ್ದರು. ದೆಹಲಿಯ ತುಘಲಕಾಬಾದಿನ ರೇಂಜ್ ಅವರ ಹೆಸರಿನಲ್ಲಿದೆ.

ಈಗ ತಮ್ಮ ಕೋವಿಗೆ ಬರೋಣ. ಕಾನೂನು ಮತ್ತು ಲೋಹ, ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿಯವರು) ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಈಗ ಅದು ಶಸ್ತ್ರಾಸ್ತ್ರ ಕಾಯ್ದೆ, 1959ರ 41ನೆಯ ಕಲಮಿನ ಅಡಿಯಲ್ಲಿ ಮುಂದುವರಿದಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ, ಕೇಂದ್ರ ಸರ್ಕಾರದ ವಿಸ್ತರಣೆ 2029ರ ಅಕ್ಟೋಬರ್‌ವರೆಗೆ ಇದೆ. ಆದರೆ ಅದು ಪರವಾನಗಿ ಪಡೆಯುವುದರಿಂದ ಕೊಟ್ಟ ವಿನಾಯಿತಿಯೇ ಹೊರತು ಶಸ್ತ್ರಾಸ್ತ್ರ ಕಾನೂನಿನ ಉಳಿದೆಲ್ಲ ಕಟ್ಟಳೆಗಳಿಂದ ಕೊಟ್ಟದ್ದಲ್ಲ. ಜಿಲ್ಲೆಯ ಹೊರಗೆ ಕೋವಿ ಮತ್ತು ತೋಟಾ ಒಯ್ಯುವುದಕ್ಕೆ ಷರತ್ತುಗಳಿವೆ. ಹೊರಡುವ ಮುನ್ನ ವಿನಾಯಿತಿ ಪತ್ರ, ಶಿಬಿರದ ಆಹ್ವಾನ ಪತ್ರ ಇವೆರಡನ್ನೂ ಹಿಡಿದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬರಹದಲ್ಲಿ ಸ್ಪಷ್ಟನೆ ಪಡೆಯಿರಿ; ಚೆಕ್‌ಪೋಸ್ಟಿನಲ್ಲಿ ನಿಂತಿರುವ ಹೊರಜಿಲ್ಲೆಯ ಪೊಲೀಸರಿಗೆ ಕೊಡಗಿನ ವಿನಾಯಿತಿಯ ಇತಿಹಾಸವನ್ನು ಬಾಯಿಮಾತಿನಲ್ಲಿ ವಿವರಿಸುವುದು ಸುಖದ ಕೆಲಸವಲ್ಲ. ಪ್ರಯಾಣದಲ್ಲಿ ಕೋವಿ ಬಿಚ್ಚಿದ ಸ್ಥಿತಿಯಲ್ಲಿ ಪೆಟ್ಟಿಗೆಯಲ್ಲಿರಲಿ, ತೋಟಾಗಳು ಬೇರೆ ಚೀಲದಲ್ಲಿರಲಿ.

ಮಗಳ ವಿಷಯ. 21 ತುಂಬದವರು ಕೋವಿಯನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದಕ್ಕೆ ಕಾಯ್ದೆಯ ನಿರ್ಬಂಧವಿದೆ. ಆದರೆ ತರಬೇತಿಯ ಸಂದರ್ಭದಲ್ಲಿ ನಿಗದಿತ ಷರತ್ತುಗಳ ಮೇಲೆ ಬಳಸಲು ಅದೇ ಕಾಯ್ದೆ ದಾರಿ ಬಿಟ್ಟಿದೆ. ಆದ್ದರಿಂದ ಅವರು ರೇಂಜಿನ ಕೋವಿಯನ್ನು, ರೇಂಜಿನವರ ಮೇಲ್ವಿಚಾರಣೆಯಲ್ಲಿ ಬಳಸುವುದು ನೇರವಾದ ಮಾರ್ಗ. ಇನ್ನೊಂದು ಮಾತು: ಶಸ್ತ್ರಾಸ್ತ್ರ ನಿಯಮಗಳು, 2016, ಪರವಾನಗಿಗೆ ಅರ್ಜಿ ಹಾಕುವವರು ಸುರಕ್ಷತಾ ತರಬೇತಿ ಪಡೆದಿರಬೇಕೆಂದು ವಿಧಿಸುತ್ತವೆ. ಮೂರು ದಿನದ ಪಾರಿವಾಳ ಶಿಬಿರದ ಪ್ರಮಾಣಪತ್ರ ಅದಕ್ಕೆ ಬದಲಿಯಾಗುತ್ತದೆಂದು ಭಾವಿಸಬೇಡಿ.

ಇನ್ನು ಲೋಹ. ತಾತನ ಕಾಲದ ಕೋವಿ ಎಂದಿದ್ದೀರಿ. ನನಗೆ ಮೊದಲು ಆತಂಕವಾದದ್ದು ಅಲ್ಲಿಯೇ. ನಳಿಕೆಯನ್ನು ಬೆಳಕಿಗೆ ಹಿಡಿದು ಹೊರಮೈಯನ್ನು ನೋಡಿ. ಮರದ ನಾರಿನಂತೆ, ಸುರುಳಿ ಸುರುಳಿಯಾದ ಗೆರೆಗಳು ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಕೆ. ನೋಡಲು ಬಹಳ ಚೆಲುವಾದ ಕೆಲಸ. ಆದರೆ ಕಪ್ಪು ಮದ್ದಿನ ಕಾಲದ್ದು. ಬೆಸುಗೆಗಳ ನಡುವೆ ಒಳಗೊಳಗೇ ಹಿಡಿದ ತುಕ್ಕು ಹೊರಗೆ ಕಾಣುವುದಿಲ್ಲ, ಕೊಡಗಿನ ಮಳೆಗಾಲಗಳನ್ನು ಕಂಡ ಕೋವಿಯಲ್ಲಂತೂ ಕೇಳುವುದೇ ಬೇಡ. ಅಂಥ ಕೋವಿಯಲ್ಲಿ ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾಕಬಾರದು. ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಕೈಲ್‌ಪೊಳ್ದಿನ ಪೂಜೆಗೆ ಇಡಿ, ರೇಂಜಿಗೆ ಬೇಡ.

ನಳಿಕೆ ಸಾದಾ ಉಕ್ಕಿನದೇ ಆದರೆ, ತೋಟಾ ಕೂರುವ ಕೋಣೆಯ ಉದ್ದವನ್ನು ಪರವಾನಗಿ ಪಡೆದ ಕೋವಿ ರಿಪೇರಿಯವರಿಂದ ಅಳೆಸಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಕೋಣೆ 65 ಮಿಲಿಮೀಟರಿನದು. ಈಗಿನ 70 ಮಿಲಿಮೀಟರ್ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಮೋಸವಿರುವುದೇ ಅಲ್ಲಿ. ಏಕೆಂದರೆ ಆ ಅಳತೆ ಸಿಡಿದು ಬಿಚ್ಚಿಕೊಂಡ ಮೇಲಿನದು. ಸಿಡಿದಾಗ ತೋಟಾದ ಮಡಿಸಿದ ಬಾಯಿ ಮುಂದಕ್ಕೆ ಬಿಚ್ಚಿಕೊಂಡು ನಳಿಕೆಯ ಕಿರಿದಾದ ಭಾಗಕ್ಕೆ ಚಾಚುತ್ತದೆ, ಚರೆಯ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಮಿತಿ ಮೀರುತ್ತದೆ. ಜೊತೆಗೆ ನಳಿಕೆಯಲ್ಲಿ ಉಬ್ಬು ಇದೆಯೇ, ಕೋವಿ ಮುಚ್ಚಿದಾಗ ಬೆಸೆವಿನಲ್ಲಿ ಸಡಿಲವಿದೆಯೇ ಎಂಬುದನ್ನೂ ನೋಡಿಸಿ.

ಇವೆಲ್ಲ ಸರಿಯಾಗಿದ್ದರೂ ಕಲಿಯುವ ಮೂರು ದಿನ ರೇಂಜಿನ ಕೋವಿಯನ್ನೇ ಬಳಸಿ ಎಂಬುದು ನನ್ನ ಸಲಹೆ. ಹಳೆಯ ಜೋಡುನಳಿಕೆಗಳಲ್ಲಿ ಸಾಮಾನ್ಯವಾಗಿ ಒಂದು ನಳಿಕೆ ಅರ್ಧ ಚೋಕ್, ಇನ್ನೊಂದು ಪೂರ್ಣ ಚೋಕ್; ಚೋಕ್ ಎಂದರೆ ನಳಿಕೆಯ ಬಾಯಿಯ ಬಳಿಯ ಕಿರಿದು. ಚರೆ ಬಿಗಿಯಾಗಿ ಒಟ್ಟುಗೂಡಿ ಹೋಗುತ್ತದೆ. ಟ್ರ್ಯಾಪ್‌ನ ದೂರದ ಬಿಲ್ಲೆಗೆ ಅದು ಸರಿ, ಇಪ್ಪತ್ತು ಮೀಟರಿನ ಆಸುಪಾಸಿನ ಸ್ಕೀಟ್ ಬಿಲ್ಲೆಗೆ ಹೊಸಬರ ಕೈಯಲ್ಲಿ ಅದು ಶಿಕ್ಷೆ. ತೂಕ ಕಡಿಮೆಯಾದ್ದರಿಂದ ಹಿಂದೊದೆತವೂ ಹೆಚ್ಚು. ರೇಂಜಿನಲ್ಲಿ ಸಿಗುವ, ಒಂದರ ಮೇಲೊಂದು ನಳಿಕೆಯಿರುವ ಭಾರವಾದ ಕೋವಿ ದಿನವಿಡೀ ಹೊಡೆಯುವುದಕ್ಕೆಂದೇ ಮಾಡಿದ್ದು.

ತೋಟಾದ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆಯ ಕಪಾಟುಗಳಲ್ಲಿರುವ ದಪ್ಪ ಚರೆಯ ಎಲ್‌ಜಿ, ಎಸ್‌ಜಿ ತೋಟಾಗಳನ್ನು ಒಂದನ್ನೂ ಚೀಲದಲ್ಲಿ ಉಳಿಸಿಕೊಂಡು ಹೋಗಬೇಡಿ. ಬಿಲ್ಲೆಗೆ ಬಳಸುವುದು ಗರಿಷ್ಠ 24 ಗ್ರಾಂ ಚರೆಯ ತೋಟಾ. ಚರೆಯ ದಪ್ಪ 2.6 ಮಿಲಿಮೀಟರ್ ಮೀರುವಂತಿಲ್ಲ. 2.4 ಮಿಲಿಮೀಟರಿನ ಚರೆಯಾದರೆ ಒಂದು ತೋಟಾದಲ್ಲಿ ಸುಮಾರು 300 ಕಾಳು. ರೇಂಜಿನ ಮುಂದಿನ ಬಯಲನ್ನು ಈ ಸಣ್ಣ ಚರೆಯ ಲೆಕ್ಕದಲ್ಲಿ ಖಾಲಿ ಬಿಟ್ಟಿರುತ್ತಾರೆ. ದಪ್ಪ ಚರೆ ಆ ಬೇಲಿಯನ್ನು ದಾಟಿ ಹೋಗುತ್ತದೆ. ಅದಕ್ಕಿಂತ ಭಯಂಕರವಾದದ್ದು ಬೋರು ಬೆರೆಯುವುದು. ಬೋರಿನ ಅಂಕಿ ಹೆಚ್ಚಿದಷ್ಟೂ ನಳಿಕೆಯೂ ತೋಟಾವೂ ಸಣ್ಣವು. 20 ಬೋರಿನ ತೋಟಾ ಒಂದು 12 ಬೋರಿನ ಕೋವಿಯ ಕೋಣೆಗೆ ಬಿದ್ದರೆ ಅದು ಹಿಂದಕ್ಕೂ ಬರದೆ, ನೆಲಕ್ಕೂ ಬೀಳದೆ, ನಳಿಕೆಯೊಳಗೆ ಒಂದು ಗೇಣಿಗಿಂತ ಕಡಿಮೆ ಆಳದಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಹಿಂದಿನಿಂದ ನೋಡಿದರೆ ಕೋಣೆ ಖಾಲಿ. ಅದರ ಮೇಲೆ 12 ಬೋರಿನ ತೋಟಾ ತುಂಬಿ ಹೊಡೆದರೆ ನಳಿಕೆ ಸಿಡಿಯುವುದು ಸರಿಯಾಗಿ ಎಡಗೈ ಇರುವ ಜಾಗದಲ್ಲಿ. ಇದಕ್ಕೆಂದೇ 20 ಬೋರಿನ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿಯಿದೆ. ಹಗುರ ಹಿಂದೊದೆತಕ್ಕೆಂದು ತಮ್ಮ ಮಗಳಿಗೆ 20 ಬೋರಿನ ಕೋವಿ ಕೊಟ್ಟು ತಮಗೆ 12 ಬೋರಿನದು ಕೊಟ್ಟರೆ, ಇಬ್ಬರ ತೋಟಾಗಳೂ ಒಂದೇ ಜೇಬಿಗೆ, ಒಂದೇ ಮೇಜಿಗೆ ಬರದಂತೆ ನೋಡಿಕೊಳ್ಳಿ. ಪ್ರತಿ ಸಲ ತುಂಬುವ ಮೊದಲು ನಳಿಕೆಯ ಮೂಲಕ ಆಚೆಯ ಆಕಾಶ ಕಾಣುತ್ತದೆಯೇ ಎಂದು ನೋಡುವ ಅಭ್ಯಾಸ ಇಬ್ಬರಿಗೂ ಇರಲಿ. ಕೆಸರು, ಒಡೆದ ತೋಟಾದ ಬೆಂಡು ಸಿಕ್ಕಿಕೊಂಡಿದ್ದರೂ ಆಗ ತಿಳಿಯುತ್ತದೆ.

ಮಗಳಿಗೆ ಕೋವಿ ಆಯುವಾಗ ಬೋರಿಗಿಂತ ಬಟ್ಟಿನ ಉದ್ದ ಮುಖ್ಯ. ಗಂಡಸರ ಅಳತೆಯ ಬಟ್ಟು ಉದ್ದವಾದರೆ ಅದು ಕಂಕುಳಿಗೆ ತೊಡರುತ್ತದೆ, ಹೆಗಲಿನ ಗುಳಿಗೆ ಕೂರದೆ ತೋಳಿನ ಮೇಲೆ ಕೂರುತ್ತದೆ. ಮಾರನೆಯ ದಿನ ತೋಳಿನಲ್ಲಿ ನೀಲಿಗಟ್ಟಿದ ಗುರುತು ಕಂಡು ‘ಹುಡುಗಿಯರಿಗೆ ಇದೆಲ್ಲ ಆಗದು’ ಎಂದು ಯಾರೋ ಹೇಳುತ್ತಾರೆ. ತಪ್ಪು ಹುಡುಗಿಯದಲ್ಲ, ಮರದ್ದು. ಒಳ್ಳೆಯ ರೇಂಜಿನಲ್ಲಿ ಗಿಡ್ಡ ಬಟ್ಟಿನ ಕೋವಿ ಇದ್ದೇ ಇರುತ್ತದೆ. ಇದೆಯೇ ಎಂದು ಮುಂಚೆಯೇ ಕೇಳಿ. ಮೊದಲ ದಿನ ಎರಡು ಸುತ್ತು, ಅಂದರೆ 50 ಈಡು, ಅವರಿಗೆ ಧಾರಾಳವಾಯಿತು. ದಣಿದ ತೋಳು ಕೆನ್ನೆಯನ್ನು ಬಟ್ಟಿನಿಂದ ಎತ್ತಿಸುತ್ತದೆ. ಆಮೇಲೆ ಸುಡುವ ಪ್ರತಿ ತೋಟಾವೂ ಕೆಟ್ಟ ಅಭ್ಯಾಸವನ್ನೇ ಕಲಿಸುತ್ತದೆ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಇಬ್ಬರಿಗೂ ಕಡ್ಡಾಯ. ‘ನಾವು ಹುಟ್ಟಿದಾಗಿನಿಂದ ಕೋವಿಯ ಸದ್ದು ಕೇಳಿದವರು’ ಎಂದು ಹತ್ತಿ ಕೂಡ ಇಟ್ಟುಕೊಳ್ಳದ ಹಿರಿಯರನ್ನು ಬಲ್ಲೆ. ಅವರೊಡನೆ ಈಗ ಮಾತನಾಡಬೇಕಾದರೆ ಕೂಗಬೇಕು. ಸೀಸದ ಚರೆಯ ತೋಟಾ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬೇಡಿ.

ಕಾಲದ ಬಗ್ಗೆ ತಾವು ಕೇಳಿಲ್ಲವಾದರೂ ಹೇಳುತ್ತೇನೆ. ರೊಬಸ್ಟಾ ಕೊಯ್ಲಿನ ನಡುವೆ ಹೋದರೆ ಮನಸ್ಸು ಕಣದಲ್ಲಿರುತ್ತದೆ, ಮಳೆಗಾಲದಲ್ಲಿ ಬಿಲ್ಲೆಯೇ ಕಾಣುವುದಿಲ್ಲ. ಮಳೆ ನಿಂತು ಕೊಯ್ಲು ಏರುವ ಮೊದಲಿನ ವಾರಗಳು, ಇಲ್ಲವೇ ಕೊಯ್ಲು ಮುಗಿದ ಮೇಲಿನ ಮಾರ್ಚ್, ಏಪ್ರಿಲ್ ಅನುಕೂಲ.

ಉಳಿದದ್ದು ಕಣದ ಪಾರಿವಾಳಗಳು. ಈ ತರಬೇತಿಗೂ ಅವಕ್ಕೂ ಸಂಬಂಧವಿಲ್ಲ, ಸಂಬಂಧ ಕಲ್ಪಿಸಲೂ ಬೇಡಿ. ಕೊಡಗಿನಲ್ಲಿ ಪಾರಿವಾಳದ ಜಾತಿಯ ಹಕ್ಕಿಗಳು ಹಲವು. ಬ್ರಹ್ಮಗಿರಿ, ತಡಿಯಂಡಮೋಳ್ ಕಡೆಯ ಶೋಲಾ ಕಾಡುಗಳ ನೀಲಗಿರಿ ಕಾಡುಪಾರಿವಾಳ ಪಶ್ಚಿಮ ಘಟ್ಟ ಮತ್ತು ದಕ್ಷಿಣ ಭಾರತದ ಕೆಲವು ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ, ಅದರ ಸ್ಥಿತಿ ಅಪಾಯದಲ್ಲಿದೆ. ತೋಟದ ನೆರಳಿಗೆ ಬಿಟ್ಟ ಅತ್ತಿ, ಬಸರಿ ಮರಗಳು ಹಣ್ಣಾದಾಗ ಮುತ್ತುವ ಹಸಿರು ಪಾರಿವಾಳಗಳಿವೆ; ಕಾಡಂಚಿನ ದೊಡ್ಡ ಗಾತ್ರದ ಕಾಡುಪಾರಿವಾಳಗಳು ಕಾಡುಮರಗಳ ಬೀಜವನ್ನು ಬಿತ್ತುವವು. ಇಂಥ ಕಾಡುಹಕ್ಕಿಗಳನ್ನು ಹೊಡೆಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿಯಲ್ಲಿ ಬೇಟೆ. ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬೇಟೆಯ ಅನುಮತಿಯಲ್ಲ. ಎರಡೂ ಒಂದೇ ಎಂಬ ಭಾವನೆ ನಮ್ಮ ಕಡೆ ಇನ್ನೂ ಅಲ್ಲಲ್ಲಿ ಇದೆ.

ತಮ್ಮ ಕಣಕ್ಕೆ ಬರುವುದು ಬಹುಶಃ ಪೇಟೆಯ, ಗೋದಾಮುಗಳ ಬೂದು ಪಾರಿವಾಳ. ಅದಕ್ಕೂ ಕೋವಿ ಮದ್ದಲ್ಲ. ಕಣದ ಸುತ್ತ ಕೆಲಸದಾಳುಗಳಿರುತ್ತಾರೆ, ಲೈನ್ ಮನೆಗಳಿರುತ್ತವೆ, ಗಿಡದ ಮರೆಯಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ. ಸಣ್ಣ ಚರೆಯೂ ಇನ್ನೂರು ಮೀಟರಿಗಿಂತ ಆಚೆ ಹೋಗಿ ಬೀಳುತ್ತದೆ. ಸೀಸದ ಚರೆ ಗದ್ದೆಯ ಕೆಸರಿಗೆ, ತೋಡಿನ ನೀರಿಗೆ ಸೇರುವುದೂ ಒಳ್ಳೆಯದಲ್ಲ. ಇದೇ ಕಾರಣಕ್ಕೆ, ಶಿಬಿರದಿಂದ ಬಂದ ಹುರುಪಿನಲ್ಲಿ ಬಿಲ್ಲೆ ಎಸೆಯುವ ಯಂತ್ರವೊಂದನ್ನು ಕೊಂಡು ತೋಟದಲ್ಲಿಯೇ ಅಭ್ಯಾಸ ಶುರುಮಾಡುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಮುಂದೆ ಕನಿಷ್ಠ 300 ಮೀಟರ್ ನಿರ್ಜನ ಬಯಲು ಬೇಕು. ಕಾಫಿ ತೋಟದಲ್ಲಿ ಅಂಥ ಬಯಲನ್ನು ಯಾರೂ ಉಳಿಸಿಕೊಂಡಿರುವುದಿಲ್ಲ. ಹಕ್ಕಿಗಳಿಗೆ ಕಣದ ಮೇಲೆ ಬಲೆ ಕಟ್ಟಿ, ಚೆಲ್ಲಿದ ಭತ್ತವನ್ನು ಸಂಜೆಯೇ ಗುಡಿಸಿ, ಗೋದಾಮಿನ ಸೂರಿನಡಿಯ ಸಂದುಗಳನ್ನು ಜಾಲರಿಯಿಂದ ಮುಚ್ಚಿ. ಗೂಡಿಗೆ ಜಾಗ, ಕೆಳಗೆ ಕಾಳು ಇರುವವರೆಗೆ ನಾಲ್ಕು ಹೊಡೆದರೆ ಇನ್ನೆಂಟು ಬರುತ್ತವೆ.

ಹೊರಡುವುದಕ್ಕೆ ಇನ್ನೂ ಕೆಲವು ವಾರಗಳಿದ್ದರೆ ಮನೆಯಲ್ಲಿಯೇ ಆರಂಭಿಸಬಹುದಾದ ಅಭ್ಯಾಸವೊಂದಿದೆ. ತೋಟಾ ಬೇಡ, ಖರ್ಚಿಲ್ಲ. ತಮ್ಮ ಹಳೆಯ ಕೋವಿ ಇದಕ್ಕೆ ಸಾಕು. ತೋಟಾಗಳನ್ನು ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿಟ್ಟು, ಎರಡೂ ನಳಿಕೆ ಖಾಲಿಯಿರುವುದನ್ನು ತಾವೂ ನೋಡಿ ಮಗಳಿಗೂ ತೋರಿಸಿ, ಕೋವಿ ಮುಚ್ಚಿ. ನಳಿಕೆಯ ಬಾಯಿಗೆ ಹಿಡಿಯುವಂಥ ಪುಟ್ಟ ಟಾರ್ಚೊಂದನ್ನು ಟೇಪು ಸುತ್ತಿ ಕೂರಿಸಿ, ಸಂಜೆ ದೀಪ ಆರಿಸಿ, ಆಚೆ ಬದಿಯಲ್ಲಿ ಯಾರೂ ಇಲ್ಲದ ಗೋಡೆಗೆ ಮುಖಮಾಡಿ ನಿಲ್ಲಿ. ಗೋಡೆಯೂ ಮಾಡೂ ಕೂಡುವ ಗೆರೆಯ ಮೇಲೆ ಬೆಳಕು ಎಡಮೂಲೆಯಿಂದ ಬಲಮೂಲೆಗೆ ಸಾಗುತ್ತಿರುವಾಗಲೇ ಬಟ್ಟು ಕೆನ್ನೆಗೆ ಬರಬೇಕು. ಬೆಳಕು ಗೆರೆ ಬಿಟ್ಟು ಮೇಲೆ ಕೆಳಗೆ ಕುಣಿದರೆ ಕೈ ಎತ್ತುವುದರಲ್ಲಿ ದೋಷವಿದೆ, ಕೆನ್ನೆ ಕೂರುವಾಗ ಬೆಳಕು ನಿಂತರೆ ಕೋವಿಯೂ ನಿಂತಿತೆಂದು ಅರ್ಥ. ಟ್ರಿಗರನ್ನು ಮುಟ್ಟುವ ಅಗತ್ಯವಿಲ್ಲ. ದಿನಕ್ಕೆ ಹತ್ತು ನಿಮಿಷ, ಇಬ್ಬರೂ ಸರದಿಯಲ್ಲಿ, ಒಬ್ಬರು ಮಾಡುವಾಗ ಇನ್ನೊಬ್ಬರು ಹಿಂದೆ ನಿಂತು ಬೆಳಕನ್ನು ನೋಡಿ ಹೇಳಲಿ.